ಅತ್ತೆಯ ಮೊಣಕಾಲಿಗೆ ಕೊಸರು

ನಮ್ಮ ಸೋದರತ್ತೆಗೆ ಬುದ್ಧಿ ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಅದೂ ಬಲಗಾಲಿಗೆ ಮಾತ್ರ. ಉಳಿದ ಭಾಗಗಳಿಗೆ ಇನ್ನೂ ಬಂದಿಲ್ಲವೆಂದು ಮನೆಯವರ ಅಭಿಪ್ರಾಯ. ಇರಲಿ. ಆ ಒಂದು ಕಾಲಿಗೆ ಬಂದ ಬುದ್ಧಿಯನ್ನು ಕಣ್ಣಾರೆ ಕಂಡು ಬೆರಗಾದವಳು ನಾನು. ಆ ಬೆರಗು ಇನ್ನೂ ಇಳಿದಿಲ್ಲ.

ಮೊದಲು ಅವಳ ಅವಸರ ಎಂಥದೆಂದು ಹೇಳಬೇಕು. ಕುಕ್ಕರು ಸೀಟಿ ಹಾಕುವವರೆಗೆ ಕಾಯುವುದು ಅತ್ತೆಯ ಪ್ರಕಾರ ಸೋಮಾರಿಗಳ ಲಕ್ಷಣ. ಬಸ್ಸು ನಿಲ್ಲುವ ಮೊದಲೇ ಇಳಿಯುವುದು ಅವಳ ಹುಟ್ಟುಗುಣ. ಪೂರ್ತಿ ನಿಂತ ಮೇಲೆಯೇ ಬಾಗಿಲು ತೆರೆಯುವ ಬಸ್ಸುಗಳು ಹುಬ್ಬಳ್ಳಿ-ಧಾರವಾಡದ ನಡುವೆ ಓಡತೊಡಗಿದಾಗ ಊರೆಲ್ಲ ಸಂತೋಷಪಟ್ಟರೆ, ಇವಳೊಬ್ಬಳು "ಮಂದೀನ್ನ ಒಳಗ ತುಂಬಿ ಕೀಲಿ ಹಾಕ್ಯಾರ" ಎಂದು ಗೊಣಗಿದಳು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅವಳದೊಂದು ಕಾಳುಕಡಿಯ ಅಂಗಡಿ. ಗಿರಾಕಿ "ಎರಡು ಕಿಲೋ" ಎನ್ನುವಷ್ಟರಲ್ಲಿ ತೊಗರಿಬೇಳೆ ಅವನ ಚೀಲದಲ್ಲಿರುತ್ತದೆ. ಅವನಿಗೆ ಬೇಕಾದದ್ದು ಕಡಲೆಯಾಗಿದ್ದರೆ? ತೊಗರಿ ಒಯ್ಯಬೇಕು, ಮತ್ತೇನು!

ಇಂಥ ಅತ್ತೆ ಪ್ರತಿ ನಾಗರ ಪಂಚಮಿಗೆ ತವರಿಗೆ, ಅಂದರೆ ಉಪ್ಪಿನಬೆಟಗೇರಿಯ ನಮ್ಮ ಮನೆಗೆ ಬರುತ್ತಾಳೆ. ಹಿತ್ತಲ ಬೇವಿನ ಮರಕ್ಕೆ ಅವಳ ಅಣ್ಣ, ಅಂದರೆ ನಮ್ಮಪ್ಪ, ಜೋಕಾಲಿ ಕಟ್ಟುತ್ತಾನೆ. ಅವನು ತೂಗಬೇಕು, ಅವಳು ನಿಂತು ಜೀಕಬೇಕು. ಇಬ್ಬರೂ ಸಣ್ಣವರಿದ್ದಾಗಿನಿಂದ ತಪ್ಪದೆ ನಡೆದು ಬಂದದ್ದು ಇದು. ಹೋದ ವರ್ಷ ಅಪ್ಪನಿಗೆ ಏನು ಹುರುಪೋ, ಜೋರಾಗಿ ತೂಗಿದ. ಅತ್ತೆ ಮೇಲಿನ ಟೊಂಗೆಯ ಬೇವಿನೆಲೆಯನ್ನು ಬಾಯಿಂದ ಕಚ್ಚಿಕೊಂಡು ಬಂದಳು. ಇನ್ನು ಜೋಕಾಲಿ ನಿಲ್ಲುವ ತನಕ ಯಾರು ಕಾಯುತ್ತಾರೆ? ಬಸ್ಸಿನಿಂದ ಇಳಿದ ಹಾಗೆ ಜಿಗಿದಳು. ಬಲಗಾಲು ಒಂದು ಕಡೆ ಊರಿತು, ಅತ್ತೆ ಇನ್ನೊಂದು ಕಡೆ ತಿರುಗಿದಳು. ಮೊಣಕಾಲು 'ಟಪ್' ಎಂದ ಸದ್ದು ಅಡುಗೆಮನೆಯಲ್ಲಿದ್ದ ಅವ್ವನಿಗೂ ಕೇಳಿತಂತೆ. ಅವ್ವನ ಮಾತನ್ನು ಅರ್ಧ ನಂಬಬೇಕು, ಆದರೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಮಾತ್ರ ಪೂರ್ತಿ ಹರಿದಿತ್ತು.

ಆಪರೇಶನ್ ಆಯಿತು. ನೋಡಲು ಬಂದ ಅಪ್ಪ ಮಂಚದ ಹತ್ತಿರ ಬರಲಿಲ್ಲ. ಬಾಗಿಲಲ್ಲೇ ನಿಂತು, "ನಾನ ತೂಗಿದ್ದು. ಇನ್ನ ನಮ್ಮ ಮನ್ಯಾಗ ಜೋಕಾಲಿ ಕಟ್ಟಾಂಗಿಲ್ಲ" ಎಂದವನು ಹಾಗೇ ಹೊರಟುಹೋದ. ಅತ್ತೆ ಕೂಗಿದರೂ ತಿರುಗಲಿಲ್ಲ. ಅವಳು ನನ್ನ ಕೈ ಹಿಡಿದು ಹೇಳಿದಳು: "ಮುಂದಿನ ಪಂಚಮಿಗೆ ನಿಮ್ಮಪ್ಪನ ಕೈಲೆ ಜೋಕಾಲಿ ಕಟ್ಟಸ್ತೇನಿ ನೋಡು. ಇಲ್ಲಾಂದ್ರ ಅಂವ ಸಾಯೂತನಕ ಹಿಂಗ ಬಾಗಲದಾಗ ನಿಂದರತಾನ."

ಓಡಲು ನಾಲ್ಕು ತಿಂಗಳಾದರೂ ಬೇಕು, ಜಿಗಿದಾಡಲು ಒಂಬತ್ತು ತಿಂಗಳಾದರೂ ಬೇಕು, ಅದೂ ಕಾಲು ಒಪ್ಪಿದರೆ ಎಂದರು ಡಾಕ್ಟರು. ಕುಕ್ಕರಿಗೆ ಕಾಯದವಳು ಒಂಬತ್ತು ತಿಂಗಳು ಕಾಯುತ್ತಾಳೆಯೇ? ನಮಗೆ ನಗುವೇ ಬಂತು.

ನಮ್ಮ ನಗುವಿಗೆ ತಕ್ಕ ಹಾಗೆ ಮೂರನೆಯ ವಾರದಲ್ಲಿ ಮೊಣಕಾಲು ಬಾತು ಕುಂಬಳಕಾಯಿಯಾಯಿತು. ಸ್ಕೂಟಿಯ ಮೇಲೆ ಕೂಡುವಂತಿರಲಿಲ್ಲ, ಅವಳ ಮನೆಯಲ್ಲೇ ಇದ್ದು ನೋಡಿಕೊಳ್ಳುತ್ತಿದ್ದ ನಾನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿ ಕಾಲು ಮುಟ್ಟಿ ನೋಡಿ ಕೇಳಿದಳು.

"ಕಾಲ ಎಷ್ಟು ಸಲ ಎತ್ತೀರಿ ಆಂಟಿ?"

"ನೀ ಹೇಳಿದ್ದು ಹತ್ತ. ಹತ್ತ ಎತ್ತೇನಿ."

"ಖರೇ ಹೇಳ್ರಿ."

"ಖರೇನ ಹತ್ತವಾ. ಮ್ಯಾಲ ಕೊಸರು ಕೊಟ್ಟೇನಿ."

"ಕೊಸರು ಎಷ್ಟ್ರಿ?"

"ಒಂದ್ ಇಪ್ಪತ್ತ ಇರಬೇಕು."

ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಅದೆಂಥ ವ್ಯಾಪಾರ? ಮೂವತ್ತು ವರ್ಷ ಗಿರಾಕಿಗಳಿಗೆ ಹೆಚ್ಚು ಹಾಕಿ ಹಾಕಿ ಅಭ್ಯಾಸವಾದ ಕೈ, ತನ್ನದೇ ಕಾಲಿಗೆ ಕಡಿಮೆ ಕೊಟ್ಟೀತೇ? ಹುಡುಗಿ ನಗಲಿಲ್ಲ. "ಕೊಸರು ಗಿರಾಕಿಗೆ ಕೊಡ್ರಿ. ಒಳಗ ಕೂಡಿಸಿದ ಲಿಗಮೆಂಟ್ ಇನ್ನಾ ಹಸೀ ಐತಿ. ಅದು ಸಡ್ಲಾತಂದ್ರ ಮತ್ತ ಆಪರೇಶನ್, ಪಂಚಮಿ ಮರತ ಬಿಡ್ರಿ" ಎಂದಳು. ಅತ್ತೆ ಆ ದಿನ ಮನೆಯವರೆಗೂ ಆಟೋದವನಿಗೆ ಒಮ್ಮೆಯೂ "ಲಗೂ ನಡಿ" ಎನ್ನಲಿಲ್ಲ. ಇದು ಚರಿತ್ರೆಯಲ್ಲೇ ಮೊದಲು.

ಬಾವು ಇಳಿದು ಅಂಗಡಿಗೆ ಬಂದ ದಿನ ಪಕ್ಕದ ಗ್ಯಾರೇಜಿನ ಚಾಚಾ ವಿಷಯ ಕೇಳಿ ಸ್ಪಾನರ್ ಕೆಳಗಿಟ್ಟರು. "ಅಕ್ಕಾರ, ಇಂಜಿನ್ ಬಿಚ್ಚಿ ಕೂಡಿಸಿದ ಗಾಡೀನ ಮೊದಲ ಸಾವಿರ ಕಿಲೋಮೀಟರ್ ಹೆಂಗ ಓಡಸ್ತಾರ್ರಿ?"

"ಸಾವಕಾಶ."

"ಮತ್ತ ನೀವ್ಯಾಕ ಎಕ್ಸಲರೇಟರ್ ತಿರವಾಕತ್ತೀರಿ?"

ಅಷ್ಟೇ. ಡಾಕ್ಟರಿಂದಾಗದ್ದು ಚಾಚಾರಿಂದಾಯಿತು.

ಆಮೇಲೆ ನಡೆದದ್ದನ್ನು ನೀವು ನಂಬಲಿಕ್ಕಿಲ್ಲ. ಅತ್ತೆ ದಿನಾ ಬೆಳಿಗ್ಗೆ ದರ್ಜಿಯ ಟೇಪು ಹಿಡಿದು ಎರಡೂ ಮೊಣಕಾಲಿನ ಸುತ್ತಳತೆ ತೆಗೆಯುತ್ತಿದ್ದಳು. ಬಾವು ನಿನ್ನೆಗಿಂತ ಹೆಚ್ಚಿದ್ದರೆ ಅಂದು ಕಾಲಿಗೆ ಸೂಟಿ, ವ್ಯಾಯಾಮವಿಲ್ಲ, ಫಿಸಿಯೋಗೆ ಫೋನು. ಕಾಲಿಗೆ ಭಾರ ಕಟ್ಟಿ ಎತ್ತುವ ದಿನ ಬಂದಾಗ ಹಳೆಯ ಸೀರೆ ಹರಿದು ಉದ್ದ ಚೀಲ ಹೊಲಿದು, ಅಂಗಡಿಯ ತಕ್ಕಡಿಯಲ್ಲೇ ಅರ್ಧ ಕಿಲೋ ಜೋಳ ತೂಗಿ ತುಂಬಿದಳು. ನಾಲ್ಕು ಕಾಳು ಹೆಚ್ಚಾದವೆಂದು ತೆಗೆದು ಡಬ್ಬಿಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ಮನೆಗೆ ಬಂದವರು "ಇವತ್ತ ಏನ ಅಡಗಿ?" ಎಂದು ಕೇಳಿದರೆ "ಮುಕ್ಕಾಲು ಕಿಲೋ ಜ್ವಾಳ, ಬಲಗಾಲಿಗೆ" ಎಂದು ಉತ್ತರ.

ಬೈರಿದೇವರಕೊಪ್ಪದ ಅತ್ತೆಯ ಮನೆಯಿಂದ ಉಣಕಲ್ ಕೆರೆ ಹತ್ತಿರ. ಅಲ್ಲಿ ಮೊದಲು ನಡೆದಳು. ಎಂಬತ್ತರ ಅಜ್ಜಂದಿರು ಕೋಲೂರಿಕೊಂಡು ಹಿಂದಿನಿಂದ ಬಂದರೆ, "ಮುಂದ ಹೋಗ್ರಿ ಅಜ್ಜಾರ" ಎಂದು ಕೈ ಮಾಡಿ ದಾರಿ ಬಿಡುತ್ತಿದ್ದಳು. ಜೀವಮಾನದಲ್ಲಿ ಯಾರಿಗೂ ದಾರಿ ಬಿಡದ ಹೆಂಗಸು! ಐದನೆಯ ತಿಂಗಳಲ್ಲಿ ಫಿಸಿಯೋ ಒಪ್ಪಿದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಾನು ಜೊತೆಗೆ ಓಡಿ ಮೂರನೆಯ ದಿನಕ್ಕೆ ಏದುಸಿರು ಬಿಟ್ಟು ಕಲ್ಲು ಬೆಂಚಿನ ಮೇಲೆ ಕುಳಿತೆ. ಅವಳು ಕುಳಿತುಕೊಳ್ಳಲಿಲ್ಲ.

ಒಂಬತ್ತನೆಯ ತಿಂಗಳಿಗೆ ಒಂಟಿಗಾಲಲ್ಲಿ ಜಿಗಿಯುವ ಪರೀಕ್ಷೆ. ಎಡಗಾಲು ಸರಾಗವಾಗಿ ಜಿಗಿಯಿತು. ಬಲಗಾಲಿನ ಸರದಿ ಬಂದಾಗ ಅತ್ತೆ ಗೆರೆಯ ಮೇಲೆ ನಿಂತವಳು ನಿಂತೇ ಇದ್ದಳು. ಹಣೆಯ ಮೇಲೆ ಬೆವರು. "ಅಂಜಿಕಿ ಬರಾಕತ್ತೈತಿ" ಎಂದು ಮೆಲ್ಲಗೆ ಹೇಳಿದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿಯೇ ಇರಲಿಲ್ಲ. ಕಡೆಗೂ ಜಿಗಿದಳು, ಎಡಗಾಲು ಮುಟ್ಟಿದ್ದಕ್ಕಿಂತ ಒಂದು ಗೇಣು ಹಿಂದೆಯೇ ಇಳಿದಳು. ಪಂಚಮಿಗೆ ಉಳಿದದ್ದು ಎರಡೇ ತಿಂಗಳು. ಮನೆಗೆ ಬಂದು ಅಂಗಳದಲ್ಲಿ ಎಡಗಾಲು ಮುಟ್ಟುವಲ್ಲಿಗೊಂದು, ಬಲಗಾಲು ಮುಟ್ಟುವಲ್ಲಿಗೊಂದು ರಂಗೋಲಿಯಿಂದ ಗೆರೆ ಎಳೆದಳು. ವಾರಕ್ಕೆ ಮೂರೇ ದಿನ, ಹೇಳಿದಷ್ಟೇ ಸಲ, ಮೊಣಕಾಲು ಬಗ್ಗಿಸಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿಯುತ್ತಾ. ಒಂದು ಗೇಣು ನಾಲ್ಕು ಬೆರಳಾಯಿತು. ನಾಲ್ಕು ಎರಡಾಯಿತು. ಪಂಚಮಿಯ ಹಿಂದಿನ ವಾರ ಎರಡೂ ಗೆರೆ ಒಂದಾದವು. "ಜೋಕಾಲಿ ಆಡ್ರಿ, ಪೂರ್ತಿ ನಿಂತ ಮ್ಯಾಲ ಇಳೀರಿ" ಎಂದು ಫಿಸಿಯೋ ಹುಡುಗಿ ಅಪ್ಪಣೆ ಕೊಟ್ಟಳು.

ಪಂಚಮಿಯ ಬೆಳಿಗ್ಗೆ ಬೇವಿನ ಮರ ಬರಿದಾಗಿತ್ತು. "ಹಗ್ಗ ಇಲಿ ಕಡದಾವು" ಎಂದ ಅಪ್ಪ. ಅತ್ತೆ ವಾದ ಮಾಡಲಿಲ್ಲ. ಇಳಕಲ್ ಸೀರೆಯ ನೆರಿಗೆ ಎತ್ತಿ ಕಟ್ಟಿ, ಕಟ್ಟೆಯ ಮೇಲೆ ಕುಳಿತಿದ್ದ ಅಣ್ಣನ ಎದುರಿಗೇ ಎಡಗಾಲಲ್ಲಿ ಒಮ್ಮೆ ಜಿಗಿದಳು, ಬಲಗಾಲಲ್ಲಿ ಒಮ್ಮೆ ಜಿಗಿದಳು. ಅಪ್ಪ ಎದ್ದು ಒಳಗೆ ಹೋಗಿ ಹಗ್ಗ ತಂದ. ಕಟ್ಟಿದ, ತಾನೇ ಕುಳಿತು ಜಗ್ಗಿ ನೋಡಿದ, ಗಂಟು ಬಿಚ್ಚಿ ಮತ್ತೆ ಕಟ್ಟಿದ. ಅತ್ತೆ ಹಲಗೆಯ ಮೇಲೆ ನಿಂತಳು. ಅವನು ಹಗ್ಗ ಹಿಡಿದುಕೊಂಡೇ ನಿಂತ.

"ತೂಗಣ್ಣ."

"ನನ್ನ ಕೈಲೆ ಆಗೂದಿಲ್ಲವ್ವ."

"ನೀ ತೂಗಿದ್ದಕ್ಕ ಬಿದ್ದಿಲ್ಲ, ನಾ ಜಿಗದದ್ದಕ್ಕ ಬಿದ್ದೇನಿ. ಬಾಯಿಲೆ ಹೇಳಿದ್ರ ನೀ ಕೇಳಲಿಲ್ಲ. ಕಾಲಿಲೆ ಹೇಳಾಕ ಇಷ್ಟ ದಿನ ಬೇಕಾತು."

ಅಪ್ಪ ತೂಗಿದ. ಮೊದಲು ಮೆಲ್ಲಗೆ, ಆಮೇಲೆ ಇನ್ನಷ್ಟು. ಅತ್ತೆ ಜೀಕಿದಳು. ಸಾಕೆನಿಸಿದ ಮೇಲೆ ಜೋಕಾಲಿ ತಾನಾಗಿ ನಿಲ್ಲುವ ತನಕ ಕಾದು, ಅವನ ಹೆಗಲ ಮೇಲೆ ಕೈಯಿಟ್ಟು ಇಳಿದಳು. ಅಪ್ಪ ಅಲ್ಲೇ ನೆಲಕ್ಕೆ ಕುಸಿದು ಕುಳಿತ. ತಂಗಿಯ ಬಲ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಅತ್ತ. ಅವನು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

"ಏಳಣ್ಣ" ಎಂದು ಅತ್ತೆ ಬಾಗಿ, ಮೊಣಕಾಲು ಮಡಚಿ, ಅವನ ತೋಳಿನ ಕೆಳಗೆ ಕೈ ಹಾಕಿ, ಅಪ್ಪನ ಅಷ್ಟೂ ಭಾರವನ್ನು ಎತ್ತಿ ನಿಲ್ಲಿಸಿದಳು. ಕಾಲು ಅಲುಗಲಿಲ್ಲ.