ಸತ್ತ ಮೇಲೂ ಉಸಿರಾಡಿದ್ದೇ ತಪ್ಪಾಯಿತು

ಯಾರಾದರೂ ಸತ್ತರೆ ಊರಿನವರು ತಿಥಿ ಊಟ ಮಾಡಿಕೊಂಡು ಸುಮ್ಮನಾಗುತ್ತಾರೆ. ನಾನು ಸತ್ತು ಆರು ವರ್ಷವಾಯಿತು, ನನ್ನನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ನಾಲ್ಕು ತಾಲ್ಲೂಕು ತಿರುಗಿದೆ, ನಾಲ್ಕರಲ್ಲೂ ಅದೇ ಕಥೆ. ಬೈಕಿನಿಂದ ಇಳಿಯುವ ಮುಂಚೆಯೇ ಯಾರಾದರೂ ಒಬ್ಬರು ಶುರು ಮಾಡುತ್ತಾರೆ. ಅಂಥ ಪ್ರಸಂಗಗಳಲ್ಲಿ ಕೆಲವನ್ನಾದರೂ ಬರೆದು ಹೊಟ್ಟೆಯ ಉರಿ ಇಳಿಸಿಕೊಳ್ಳೋಣ ಎಂದು ಕೂತಿದ್ದೇನೆ.

೧. ಹೆಣ ಸಿಕ್ಕ ಬಗೆ

ನಾನು ಪಶು ಆಸ್ಪತ್ರೆಯ ಕಾಂಪೌಂಡರ್. ಊರವರ ಬಾಯಲ್ಲಿ ದನದ ಡಾಕ್ಟ್ರು. ಆಗ ಶ್ರೀರಂಗಪಟ್ಟಣದಲ್ಲಿದ್ದೆ. ಒಂದು ಭಾನುವಾರ ಹೊಳೆದಂಡೆಯಲ್ಲಿ ಟೀವಿ ಧಾರಾವಾಹಿಯ ಶೂಟಿಂಗ್ ನಡೆದಿತ್ತು. ವರ್ಷಗಟ್ಟಲೆಯಿಂದ ಪ್ರತಿ ಭಾನುವಾರ ಸಂಜೆ ತಪ್ಪದೆ ಬರುವ ಪತ್ತೇದಾರಿ ಧಾರಾವಾಹಿ ಅದು. ಹೆಸರು ಬರೆದರೆ ಓದುವವರಲ್ಲೇ ಜಗಳ ಹತ್ತಿಕೊಳ್ಳುತ್ತದೆ, ಬೇಡ. ಅವರು ತಂದಿದ್ದ ಕುದುರೆ ಕುಂಟುತ್ತಿದೆ ಎಂದು ನನ್ನನ್ನು ಕರೆಸಿದ್ದರು. ಗೊರಸಿಗೆ ಸಿಕ್ಕಿಕೊಂಡಿದ್ದ ಕಲ್ಲು ತೆಗೆದು ಕೈ ತೊಳೆಯುತ್ತಿದ್ದೆ. ಅಷ್ಟರಲ್ಲಿ ಹೆಣದ ಪಾರ್ಟು ಮಾಡಬೇಕಿದ್ದವನು ಕೈಕೊಟ್ಟನೆಂದು ಗಲಾಟೆ ಎದ್ದಿತು. ಅಮಾವಾಸ್ಯೆ ದಿನ ಸಾಯಬೇಡ ಎಂದು ಹೆಂಡತಿ ಬೈದಳಂತೆ. ನಿರ್ದೇಶಕರು ದಂಡೆಯ ಮೇಲಿದ್ದ ಅಷ್ಟೂ ಜನರನ್ನು ಒಂದು ಸಲ ನೋಡಿ, ನೇರವಾಗಿ ನನ್ನ ಹತ್ತಿರ ಬಂದು, "ನೀವೇ ಸರಿ" ಎಂದರು. ನನ್ನಲ್ಲಿ ಏನು ಕಂಡರು ಎಂದು ಇವತ್ತಿಗೂ ಕೇಳಲು ಧೈರ್ಯ ಬಂದಿಲ್ಲ.

ಮರಳ ಮೇಲೆ ಅಂಗಾತ ಮಲಗಿದೆ. ಪತ್ತೇದಾರನ ಪಾರ್ಟಿನವರು ಪಕ್ಕದಲ್ಲಿ ನಿಂತು ಮಾತು ಶುರು ಮಾಡಿದರು. ಒಂದೂವರೆ ಪುಟದ ಮಾತು. ಒಂದು ಪುಟದವರೆಗೆ ಉಸಿರು ಬಿಗಿಹಿಡಿದೆ. ಇನ್ನರ್ಧ ಪುಟಕ್ಕೆ ಹೊಟ್ಟೆ ಮಾತು ಕೇಳಲಿಲ್ಲ. ಅಂಗಿಯ ಮೂರನೇ ಗುಂಡಿ ಮೇಲೆದ್ದು ಕೆಳಗಿಳಿಯಿತು. ಅಲ್ಲಿ ಯಾರೂ ಗಮನಿಸಲಿಲ್ಲ. ಟೀವಿಯಲ್ಲಿ ಬಂದಾಗ ಇಡೀ ಜಿಲ್ಲೆ ಗಮನಿಸಿತು.

ಜಿಲ್ಲೆಯ ಮಾತು ಹಾಗಿರಲಿ. ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹತ್ತಿರ ನಮ್ಮೂರು. ಅಲ್ಲಿರುವ ನನ್ನ ಅವ್ವ ಆ ಧಾರಾವಾಹಿಯನ್ನು ಮೊದಲ ವಾರದಿಂದ ಒಂದೂ ಬಿಡದೆ ನೋಡಿದವಳು. ಆ ಕಂತು ಬರುವ ಮುಂಚೆಯೇ ಖುಷಿಯಲ್ಲಿ ಫೋನ್ ಮಾಡಿ, "ಅವ್ವ, ಈ ಭಾನುವಾರ ನಾನೂ ಬತ್ತೀನಿ ನೋಡು" ಎಂದೆ.

"ಏನ್ ಪಾರ್ಟು ಮಗ?"

"ಹೆಣ."

"ಎತ್ತೋಳು ಮಗನ್ ಎಣ ನೋಡಾಕಾಯ್ತದೇನ್ಲಾ?" ಎಂದು ಫೋನ್ ಇಟ್ಟಳು. ಅವತ್ತಿನಿಂದ ಆ ಧಾರಾವಾಹಿಯನ್ನೇ ಬಿಟ್ಟಳು. ಅವಳಿಗಿದ್ದ ಒಂದೇ ಒಂದು ಆಸೆಯ ಕಾರ್ಯಕ್ರಮ ನನ್ನಿಂದ ತಪ್ಪಿಹೋಯಿತಲ್ಲ ಎಂದು ನಿಜವಾಗಿ ಸಂಕಟವಾಯಿತು. ನನ್ನ ಸಾವಿಗೆ ಸೂತಕ ಹಿಡಿದವಳೆಂದರೆ ಅವಳೊಬ್ಬಳೇ.

೨. ಚಾ ಅಂಗಡಿಯಲ್ಲಿ

ಆ ಕಂತು ಟೀವಿಯಲ್ಲಿ ಬಂದ ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರದ ಚಾ ಅಂಗಡಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಚಾ ಕುಡಿಯುತ್ತಿದ್ದೆ. ಹಿಂದೆ ಒಬ್ಬ ಲಾರಿ ಡ್ರೈವರಿಗೂ ಒಬ್ಬ ಬಾಳೆಹಣ್ಣಿನ ವ್ಯಾಪಾರಿಗೂ ಧಾರಾವಾಹಿ ಯಾವಾಗ ಕೆಟ್ಟಿತು ಎಂದು ವಾದ ಹತ್ತಿತ್ತು.

"ಆ ಹಳೇ ಇನ್ಸ್‌ಪೆಕ್ಟ್ರು ಬುಟ್ಟೋದ್ನಲ್ಲ, ಅವಾಗ್ಲೇ ಕೆಟ್ಟೋಯ್ತು ಕಣ್ಲಾ" ಎಂದ ಡ್ರೈವರು.

"ಸುಮ್ಕಿರ್ಲಾ. ಒಂದ್ ಕೊಲೆನ ಇಪ್ಪತ್ ವಾರ ಎಳುದ್ರಲ್ಲ, ಅವಾಗ" ಎಂದ ವ್ಯಾಪಾರಿ.

ಅಂಗಡಿಯ ಸಾಹೇಬರು ಚಾ ಸೋಸುವುದನ್ನು ನಿಲ್ಲಿಸಿ, "ಅರೇ ಭಾಯ್, ಎರಡೂ ಝೂಟ್. ನಿನ್ನೆ ಆ ಮುರ್ದಾ ಉಸಿರು ಆಡ್ತು ನೋಡಿ, ಅಲ್ಲಿಗೆ ಖತಂ!" ಎಂದರು.

ತಡೆಯಲಾಗದೆ ತಿರುಗಿ, "ಒಂದೂವರೆ ಪುಟ ಮಾತಾಡಿದರೆ ಯಾವ ಹೆಣ ತಾನೇ ತಡೆದುಕೊಳ್ಳುತ್ತೆ ಸಾಹೇಬ್ರೆ?" ಎಂದೆ. ವರ್ಷದಿಂದ ದಿನಾ ಅವರ ಕೈಯಲ್ಲೇ ಚಾ ಕುಡಿದವನು ನಾನು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಗಾಬರಿಯಾದರು.

"ತೋಬಾ, ನೀವಾ ಡಾಕ್ಟ್ರೆ! ಮಾಫ್ ಮಾಡಿ. ನಿಂತ್ಕೊಂಡಿದ್ರಲ್ಲ, ಗುರುತು ಸಿಗ್ಲಿಲ್ಲ."

೩. ಎಮ್ಮೆಯ ಒದೆ

ಪಾಂಡವಪುರಕ್ಕೆ ವರ್ಗವಾಯಿತು. ಬದುಕಿಕೊಂಡೆ ಎಂದುಕೊಂಡೆ. ಸುದ್ದಿ ನನಗಿಂತ ಮುಂಚೆಯೇ ಬಸ್ಸು ಹತ್ತಿ ಹೋಗಿತ್ತು.

ಒಬ್ಬ ರೈತನ ಎಮ್ಮೆಗೆ ಕೆಚ್ಚಲು ಬಾವು. ಸೂಜಿ ಚುಚ್ಚಬೇಕು, ತಲೆ ಗಟ್ಟಿಯಾಗಿ ಹಿಡಿ ಎಂದೆ. ಅವನು ಹಿಡಿದ. ಹಿಡಿದವನು ಬಾಯಿ ಬಿಟ್ಟ.

"ಅಲ್ಲ ಸಾ, ಒಂದ್ ಗಳ್ಗೆ ಅಲುಗ್ದಂಗೆ ಮಲ್ಗಿದ್ರೆ ನಿಮ್ಗೇನ್ ಆಯ್ತಿತ್ತು? ಎಂಗಿತ್ತು ಸೀರಿಯಲ್ಲು, ಎಂಗ್ ಮಾಡ್ಬುಟ್ರಿ!"

"ಮೊದಲು ಎಮ್ಮೆ ಹಿಡಿಯಪ್ಪ."

"ಇಡ್ದಿವ್ನಿ ಬುಡಿ. ನಾನ್ ಕೇಳೋದು ಏನಂದ್ರೆ..." ಎಂದು ವಿವರಿಸಲು ಎರಡೂ ಕೈ ಎತ್ತಿದ.

ಎಮ್ಮೆ ಒದೆಯಿತು. ನಾನು ಗಂಜಲ, ಸಗಣಿಯ ನಡುವೆ ಅಂಗಾತ ಬಿದ್ದೆ. ಉಸಿರು ನಿಂತೇಹೋಯಿತು. ಕಣ್ಣು ಮೇಲೆ ಹೋಯಿತು. ಮೇಲೆತ್ತಲು ಓಡಿಬರುತ್ತಾನೆ ಎಂದು ಕಾದೆ. ಅವನು ಸೊಂಟದ ಮೇಲೆ ಕೈಯಿಟ್ಟು ನಿಂತು, ಮನೆಯೊಳಗಿದ್ದ ಹೆಂಡತಿಯನ್ನು ಕೂಗಿದ.

"ಬಾರಮ್ಮಿ ಬಿರ್ರನೆ! ನೋಡು, ಡಾಕ್ಟ್ರು ಈಗ ಎಷ್ಟ್ ಚೆನ್ನಾಗ್ ಮಾಡ್ತಾವ್ರೆ!"

೪. ಗುಟ್ಟು

ಅಲ್ಲಿಂದ ಕೆ.ಆರ್. ಪೇಟೆ. ಹಸು ಮೇವು ಮುಟ್ಟುತ್ತಿಲ್ಲ, ತಕ್ಷಣ ಬನ್ನಿ ಎಂದು ಒಬ್ಬ ಹಿರಿಯ ಗೌಡರು ಹೇಳಿಕಳಿಸಿದರು. ಬಿಸಿಲಲ್ಲಿ ಹದಿನೆಂಟು ಕಿಲೋಮೀಟರು ಹೋದೆ. ಹಸು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಗೌಡರು ನನ್ನ ತೋಳು ಹಿಡಿದು ಹುಲ್ಲಿನ ಮೆದೆಯ ಹಿಂದಕ್ಕೆ ಎಳೆದುಕೊಂಡು ಹೋಗಿ, ಆ ಕಡೆ ಈ ಕಡೆ ನೋಡಿ, ಕಿವಿಯ ಹತ್ತಿರ ಬಂದರು.

"ಯಾರ್ಗೂ ಏಳಾಕಿಲ್ಲ. ನಿಜ ಏಳ್ಬುಡಿ ಡಾಕ್ಟ್ರೆ. ನಿಮ್ಮನ್ ಕೊಂದೋರು ಯಾರು?"

"ನನಗೆ ಹೇಳಲಿಲ್ಲ ಗೌಡ್ರೆ. ಮಲಗು ಅಂದರು, ಮಲಗಿದೆ. ಏಳು ಅಂದರು, ಎದ್ದು ಬಂದೆ."

ಗೌಡರು ನನ್ನ ತೋಳು ಬಿಟ್ಟರು. ಮುಖದಲ್ಲಿ ಬೇಸರ ತುಂಬಿಬಂತು.

"ಸತ್ತೋನ್ಗೇ ಗೊತ್ತಿಲ್ಲ ಅಂದ್ಮೇಲೆ ಸೀರಿಯಲ್ಲು ಇನ್ನೆಲ್ಲಿ ಉದ್ಧಾರ ಆಯ್ತದೆ, ನಡೀರಿ" ಎಂದು ಹಸುವಿನ ಕಡೆ ತಿರುಗಿಯೂ ನೋಡದೆ ಹೋದರು.

೫. ಅವ್ವ ನೋಡಿದಳು

ಕೊನೆಗೆ ನಾಗಮಂಗಲಕ್ಕೇ ಬಂದೆ. ಊರಿಗೆ ಬಂದ ಮೊದಲ ವಾರವೇ ಟೀವಿಯವರು ಹಳೆಯ ಕಂತುಗಳನ್ನು ಮಧ್ಯಾಹ್ನ ಮತ್ತೆ ಹಾಕತೊಡಗಿದರು. ನನ್ನ ಸರದಿ ಬಂದ ದಿನ ಅಕ್ಕಪಕ್ಕದ ಹೆಂಗಸರು ನಮ್ಮ ಮನೆಯಲ್ಲೇ ಬಂದು ಕೂತರು. ಅವರನ್ನು ಎಬ್ಬಿಸುವುದು ಹೇಗೆಂದು ನಾನು ಒದ್ದಾಡುತ್ತಿದ್ದರೆ ಅವ್ವನೇ ಅಡುಗೆಮನೆಯಿಂದ ಬಂದಳು.

"ಆಕ್ರವ್ವ, ನೋಡೇಬುಡ್ತೀನಿ. ಆರು ವರ್ಸಾಯ್ತು, ಗಟ್ಮುಟ್ಟಾಗೇ ಅವ್ನಲ್ಲ. ನೀ ಬಾರ್ಲಾ, ಪಕ್ದಲ್ ಕೂತ್ಕೊ" ಎಂದು ನನ್ನ ಮಣಿಕಟ್ಟು ಹಿಡಿದುಕೊಂಡಳು.

ಹೊಳೆ ಬಂತು. ಮರಳು ಬಂತು. ನಾನು ಬಂದೆ. ಅವ್ವನ ಹಿಡಿತ ಎಷ್ಟು ಬಿಗಿಯಾಯಿತೆಂದರೆ ನನ್ನ ಕೈ ಮರಗಟ್ಟಿತು. ಪತ್ತೇದಾರ ಮಾತು ಶುರು ಮಾಡಿದ. ನಾನು ದೇವರನ್ನು ನೆನೆಯುತ್ತ ಕೂತೆ. ಯಾರು ಏನಾದರೂ ಅಂದುಕೊಳ್ಳಲಿ, ಅವ್ವ ಮಾತ್ರ ಹಾಳು ಮಾಡಿದೆ ಅನ್ನದಿದ್ದರೆ ಸಾಕಾಗಿತ್ತು. ಅರ್ಧ ಪುಟ ಉಳಿದಾಗ ಗುಂಡಿ ಮೇಲೆದ್ದಿತು.

"ನೋಡಕ್ಕ, ಇಲ್ಲೇ! ಇಲ್ಲಿಂದ್ಲೇ ಕೆಟ್ಟಿದ್ದು ಈ ಸೀರಿಯಲ್ಲು" ಎಂದಳು ಪಕ್ಕದ ಮನೆಯಾಕೆ.

ಅವ್ವ ಮುಂದಕ್ಕೆ ಬಗ್ಗಿ ನೋಡಿದಳು. ಗುಂಡಿ ಇನ್ನೊಂದು ಸಲ ಎದ್ದಿತು.

"ಉಸ್ರಾಡ್ತಾವ್ನೆ! ನನ್ ಮಗ ಉಸ್ರಾಡ್ತಾವ್ನೆ ಕಣ್ರವ್ವ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆರು ವರ್ಷದಲ್ಲಿ ಆ ಉಸಿರಿಗೆ ಸಂತೋಷಪಟ್ಟವರು ಬೇರೆ ಯಾರೂ ಇರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅವ್ವ ಮೂಗು ಸೀಟಿಕೊಂಡು, "ಆದ್ರೂ ಇವ್ರ್ ಏಳೋದು ದಿಟವೇ. ಕೆಟ್ಟೋಗದೆ ಸೀರಿಯಲ್ಲು" ಎಂದಳು.

ನಾನು ಅವಳ ಕಡೆ ತಿರುಗಿದೆ. "ನೀನೂ ಅಂಗೇ ಅಂತೀಯ ಅವ್ವ?"

"ಇನ್ನೇನ್ಲಾ? ಮೊದ್ಲು ಆ ಪತ್ತೇದಾರ ಒಂದ್ ಕೂದ್ಲು ಸಿಕ್ರೆ ಕಳ್ಳನ್ ಇಡಿಯೋನು. ಈಗ ನೋಡು, ನನ್ ಮಂಜುಗಣ್ಣಿಗೆ ಕಾಣೋದು ಅವ್ನಿಗೆ ಕಾಣಾಕಿಲ್ಲ! ಬದ್ಕಿರೋ ಮಗೀನ ಬಿಸ್ಲಲ್ ಮಲುಗ್ಸಿ ಅಷ್ಟೊತ್ತು ಮಾತಾಡೋ ಬದ್ಲು, ಒಂದ್ ಲೋಟ ನೀರ್ ಕೊಡ್ಬಾರ್ದಾ ಆ ಮುಂಡೇದು?"