ಹಿತ್ತಲ ಕುಂಬಳವೂ ಹಸಿದ ದಿಬ್ಬಣವೂ

ಭಾಷಣ ಕೇಳುವುದು ತಪ್ಪಲ್ಲ. ಕೇಳಿದ್ದನ್ನು ಮನೆಗೆ ಬಂದು ಹೆಂಡತಿಯ ಮುಂದೆ ಹೇಳುವುದು ತಪ್ಪು, ಏಕೆಂದರೆ ಹೇಳಿದ ಮೇಲೆ ಮಾಡಿ ತೋರಿಸಬೇಕಾಗುತ್ತದೆ. ನಾನು ಅಜ್ಜಂಪುರದಲ್ಲಿ ಸ್ಕೂಲು ಮೇಷ್ಟ್ರಾಗಿದ್ದಾಗ ಒಮ್ಮೆ ತರೀಕೆರೆಗೆ ಹೋಗಿದ್ದೆ. ಅಲ್ಲಿ ಬೂಟು ಹಾಕಿದ ಸಾಹೇಬರೊಬ್ಬರು, ಮನೆಯ ಹಿಂದೆ ಅಂಗೈಯಗಲ ನೆಲವಿದ್ದವನು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ ಎಂದು ಮೇಜು ಕುಟ್ಟಿ ಹೇಳಿದರು. ನಾನೂ ಮನೆಗೆ ಬಂದು ಅಡಿಗೆಮನೆಯ ಹೊಸ್ತಿಲು ಕುಟ್ಟಿ ಹಾಗೆಯೇ ಹೇಳಿದೆ. ನನ್ನಾಕೆ ಗಂಗಮ್ಮ ಲಿಂಗದಹಳ್ಳಿಯ ರೈತರ ಮನೆಯ ಮಗಳು. ಒಲೆ ಊದುತ್ತಲೇ, "ಅಂಗೈಯಗಲ ನೆಲ ಐತೆ, ಸರಿ. ಅಗೆಯೋ ಅಂಗೈ ಎಲ್ಲೈತೆ?" ಎಂದಳು.

ಮಾತು ನಾಟಿತು. ನಮ್ಮ ಹಿರಿಯರೆಲ್ಲ ಹೊಲ, ತೆಂಗಿನ ತೋಟ ಮಾಡಿಕೊಂಡೇ ಬದುಕಿದವರು. ಸೀಮೆಸುಣ್ಣ ಹಿಡಿದು ಹಿಡಿದು ನನ್ನ ಕೈ ಮಾತ್ರ ಬೆಣ್ಣೆಯಾಗಿತ್ತು. ಗುದ್ದಲಿ ಹಿಡಿದೆ, ಬೊಬ್ಬೆ ಎದ್ದವು, ಬಿಡಲಿಲ್ಲ. ಬದನೆ, ಮೆಣಸು, ಕೊತ್ತಂಬರಿ ಎಲ್ಲವನ್ನೂ ಹಾಕಿದೆ. ಬದನೆಗೆ ಹುಳ ಬಿತ್ತು, ಮೆಣಸಿನ ಎಲೆ ಮುದುರಿತು, ಕೊತ್ತಂಬರಿಯನ್ನು ಕೋಳಿಗಳು ಕೆದಕಿ ತಿಂದವು. ತಿಪ್ಪೆಯ ಪಕ್ಕದಲ್ಲಿ ಊರಿದ ಸಿಹಿಗುಂಬಳದ ಬೀಜಗಳು ಮಾತ್ರ ಸಾಹೇಬರ ಭಾಷಣವನ್ನು ಖುದ್ದಾಗಿ ಕೇಳಿ ಬಂದಂತೆ ಎದ್ದು ನಿಂತವು. ಬಳ್ಳಿ ಹಿತ್ತಲನ್ನು ಮುಚ್ಚಿತು, ಕೊಟ್ಟಿಗೆಯ ಸೂರು ಹತ್ತಿತು, ಗೋಡೆ ಹಾರಿ ಪಕ್ಕದ ಮನೆಯ ತಿಮ್ಮಕ್ಕನ ಬಚ್ಚಲಿಗೆ ನೆರಳಾಯಿತು. ಎಲೆ ಸರಿಸಿದ ಕಡೆಯಲ್ಲೆಲ್ಲ ಕಾಯಿ.

ಗೆದ್ದೆನೆಂದುಕೊಂಡೆ. ಆದರೆ ಬೆಳೆದದ್ದನ್ನು ತಿನ್ನಬೇಕಲ್ಲ. ಕುಂಬಳದ ಹುಳಿ, ಕುಂಬಳದ ಪಲ್ಯ, ಕುಂಬಳದ ದೋಸೆ. ಬೇಡವೆಂದ ದಿನ ಕುಂಬಳದ ಪಾಯಸ. ಕೇರಿಯವರಿಗೆ ಹಂಚಲು ಹೊರಟರೆ, ಮೊದಮೊದಲು ಕರೆದು ಕೂರಿಸುತ್ತಿದ್ದವರು ಆಮೇಲೆ ನನ್ನ ಹೆಗಲ ಮೇಲಿನ ಕಾಯಿ ಕಂಡೊಡನೆ ಒಳಗೆ ಸೇರಿಕೊಳ್ಳತೊಡಗಿದರು. ತಿಮ್ಮಕ್ಕನಂತೂ ಕದ ಹಾಕಿಕೊಂಡು, "ಮನೇಲಿ ಯಾರೂ ಇಲ್ಲ ಮೇಷ್ಟ್ರೇ" ಎಂದು ತಾನೇ ಒಳಗಿನಿಂದ ಹೇಳುತ್ತಿದ್ದಳು. ಕೊನೆಗೆ ಗಂಗಮ್ಮ ಸೌಟು ಕೆಳಗಿಟ್ಟಳು. "ಇನ್ನೊಂದು ಕಾಯಿ ಒಳಕ್ಕೆ ಬಂದ್ರೆ ನಾನು ತೌರಿಗೆ ಹೋಯ್ತೀನಿ ಕಣ್ರೀ. ನೀವೂ ನಿಮ್ಮ ಕುಂಬಳಕಾಯೂ ಸಂಸಾರ ಮಾಡ್ಕಳಿ" ಎಂದಳು. ದನಿ ಏರಿರಲಿಲ್ಲ. ಹಾಗಾಗಿ ಹೆದರಿಕೆಯಾಯಿತು.

ಆ ಕಾರ್ತಿಕದಲ್ಲಿ ಅಕಾಲ ಮಳೆ ಹಿಡಿಯಿತು. ಸಂತೆ ಕೂಡಲಿಲ್ಲ, ಸ್ಕೂಲಿಗೆ ರಜ ಕೊಟ್ಟೆ. ಬೇಸರ ಕಳೆಯಲು ಸ್ಟೇಷನ್ನಿಗೆ ಹೋದರೆ, ರೈಲು ನಿಂತೇ ಇತ್ತು. ಬೀರೂರಿನ ಕಡೆ ಎಲ್ಲೋ ಕೆರೆ ಕೋಡಿ ಹರಿದು ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ನಾಳೆಯವರೆಗೆ ಗಾಡಿ ಕದಲುವುದಿಲ್ಲವೆಂದರು ಸ್ಟೇಷನ್ ಮಾಸ್ತರು. ಗಾಡಿಯಲ್ಲಿದ್ದದ್ದು ಒಂದು ಮದುವೆ ದಿಬ್ಬಣ. ತರೀಕೆರೆಯಲ್ಲಿ ಹೆಣ್ಣು, ನಾಡಿದ್ದು ಬೆಳಿಗ್ಗೆ ಧಾರೆ. ಹೆಣ್ಣಿನ ಮನೆಯ ಊಟಕ್ಕೆಂದು ಎಲ್ಲರೂ ಬೆಳಗಿನಿಂದ ಹೊಟ್ಟೆ ಖಾಲಿ ಬಿಟ್ಟುಕೊಂಡಿದ್ದರು. ವರನ ಸೋದರಮಾವ ಹಾಲಪ್ಪ, ದೊಡ್ಡ ಪೇಟದ ಹಿರಿಯ, ಬೆಂಚಿನ ಮೇಲೆ ಕೂತು ತೀರ್ಪು ಕೊಡುತ್ತಿದ್ದ. "ದಾರಿ ಕಿತ್ತೋಗೈತೆ ಅಂದ್ರೆ ದೇವ್ರೇ ಈ ನಂಟು ಬ್ಯಾಡ ಅಂತವ್ನೆ. ಎತ್ತಿನ ಗಾಡಿ ಕಟ್ಸಿ, ಊರಿಗೆ ತಿರುಗಾನ." ವರ ತಲೆ ತಗ್ಗಿಸಿ ಕೂತಿದ್ದ. ಬಾಸಿಂಗದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಮುಂದೆ ಹೋಗಿ, "ಯಜಮಾನರೇ, ಹಸಿದ ಹೊಟ್ಟೇಲಿ ಶಕುನ ನೋಡಬಾರದು. ಸ್ಕೂಲಿನಲ್ಲಿ ಇಳಿದುಕೊಳ್ಳಿ, ಊಟ ನಮ್ಮದು" ಎಂದೆ. ಹೇಳಿದ ಮೇಲೆ ಗಂಗಮ್ಮನ ನೆನಪಾಯಿತು. ಮನೆಯ ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಹೋದೆ. ಅವಳು ಎಲ್ಲ ಕೇಳಿ, "ಇವರು ತಿರುಗಿ ಹೋದ್ರೆ ಅಲ್ಲಿ ಹಸೆಮಣೆ ಹಾಕ್ಕಂಡು ಕಾಯೋ ಹುಡುಗಿ ಗತಿ ಏನು?" ಎಂದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಏಣಿ ತನ್ನಿ."

ನಾನು ಕೊಟ್ಟಿಗೆಯ ಸೂರು ಹತ್ತಿದೆ. ಕಾಯಿಗಳು ಕೈಯಿಂದ ಕೈಗೆ ದಾಟಿ, ದಿಬ್ಬಣದ ಗಂಡಸರ ಹೆಗಲೇರಿ, ಮಳೆಯಲ್ಲೇ ಮೆರವಣಿಗೆ ಹೊರಟವು. ಅಕ್ಕಿಬೆಲ್ಲ ದಿಬ್ಬಣದ ಮೂಟೆಯಲ್ಲೇ ಇತ್ತು. ಮಜ್ಜಿಗೆಗೆ ನಮ್ಮ ಎಮ್ಮೆ ಇತ್ತು. ತಿಮ್ಮಕ್ಕ ತಾನಾಗಿಯೇ ಕದ ತೆರೆದು ಈಳಿಗೆಮಣೆ ಹಿಡಿದು ಬಂದಳು, ಹಿಂದೆಯೇ ಕೇರಿಯ ಹೆಂಗಸರು. ಗಂಗಮ್ಮ ಸ್ಕೂಲಿನ ಅಂಗಳದಲ್ಲಿ ಚಪ್ಪರದ ಕೆಳಗೆ ಒಲೆ ಹೂಡಿಸಿ, ಕೂಗಾಡದೆ, ಬೆರಳು ತೋರಿಸಿ ಅಷ್ಟು ಜನರನ್ನೂ ದುಡಿಸಿದಳು. ಸಂಜೆಯ ಹೊತ್ತಿಗೆ ಬಿಸಿ ಅನ್ನ, ಹುಳಿ, ಪಲ್ಯ, ತುಪ್ಪ ಹಾಕಿದ ಕುಂಬಳದ ಕಡುಬು. ಒಂದನೇ ತರಗತಿಯ ಕೋಣೆಯಲ್ಲಿ ಮೊದಲ ಪಂಕ್ತಿ ಕೂತಿತು. ಅಷ್ಟು ನಿಶ್ಶಬ್ದವಾದ ತರಗತಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹಾಲಪ್ಪ ಕಡುಬನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡ, ಮೂರನೆಯ ಸಲ ಕೇಳದೆಯೇ ಎಲೆ ಮುಂದೆ ಸರಿಸಿದ. ಆಮೇಲೆ ಗೋಡೆಗೆ ಒರಗಿ ತೇಗಿದ. "ನೋಡ್ರಪ್ಪಾ, ಕೆರೆ ತುಂಬಿ ಕೋಡಿ ಬಿದ್ದೈತೆ. ಮದುವೆಗೆ ಇದಕ್ಕಿಂತ ಒಳ್ಳೇ ಶಕುನ ಎಲ್ಲೈತೆ?" ಎಂದ. ವರನ ತಾಯಿ ಮೊದಲ ಸಲ ನಕ್ಕಳು.

ಮರುದಿನ ದಾರಿ ಸರಿಯಾಯಿತು. ನಮ್ಮಿಬ್ಬರನ್ನೂ ಬಿಡದೆ ಗಾಡಿ ಹತ್ತಿಸಿಕೊಂಡರು. ತರೀಕೆರೆಯ ಚಪ್ಪರದಲ್ಲಿ ಧಾರೆ ಸಾಂಗವಾಗಿ ನಡೆಯಿತು. ಗಂಗಮ್ಮನನ್ನು ಹೆಣ್ಣಿನ ತಾಯಿಯ ಪಕ್ಕದಲ್ಲೇ ಕೂರಿಸಿ ಮಡಿಲು ತುಂಬಿದರು. ನಾನು ಗಂಡಸರ ಪಂಕ್ತಿಯಲ್ಲಿ ಎದೆ ಸೆಟೆಸಿಕೊಂಡು ಕೂತೆ. ಹೆಣ್ಣಿನ ತಂದೆ ನನ್ನ ಎಲೆಯ ಮುಂದೆ ನಿಂತು, "ಇವರು ಯಾರು ಗೊತ್ತಾಗ್ಲಿಲ್ಲ" ಎಂದರು. ಹಾಲಪ್ಪ ದೊಡ್ಡ ದನಿಯಲ್ಲಿ, "ಇವರಾ? ನಮ್ಮ ಮದುವೆ ಉಳಿಸಿದ ಗಂಗಮ್ಮತಾಯಿ ಇಲ್ವಾ, ಅವರ ಮನೆಯವರು" ಎಂದ.

ಬೀಜ ಊರಿದವನು ನಾನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಣ್ಣಿನ ತಂದೆ, "ಹಂಗಾದ್ರೆ ಇವರಿಗೆ ಇನ್ನೆರಡು ಹಾಕ್ರಪ್ಪಾ" ಎಂದು ಹೋಳಿಗೆ ಹಾಕಿಸಿದರು, ಮೇಲೆ ತುಪ್ಪ ಸುರಿಸಿದರು. ಬಾಯಿ ಹೇಗೂ ತೆರೆದಿತ್ತು. ತಿಂದೆ.