ನರ್ಸರಿಯಲ್ಲಿ ಹಸಿರು ಬೆಂಕಿ

ತಂಡದ ಯಜಮಾನ ಯಾರನ್ನೂ ಕೇಳದೆ ಪೋಸ್ಟರ್ ಅಚ್ಚು ಹಾಕಿಸಿದ್ದೇ ಎಲ್ಲ ಅನಾಹುತಕ್ಕೂ ಕಾರಣ. ಹೊಸ ನರ್ಸರಿಯೊಂದರ ಉದ್ಘಾಟನೆಗೆ ಸಂಜೆ ಬೆಂಕಿಯಾಟ ನಿಗದಿಯಾಗಿತ್ತು. ಗಿಡ ಮಾರುವವನು ಹಸಿರನ್ನಲ್ಲದೆ ಬೇರೆ ಯಾವ ಬಣ್ಣವನ್ನು ಮೆಚ್ಚುತ್ತಾನೆ? ಯಜಮಾನ ದಪ್ಪಕ್ಷರದಲ್ಲಿ 'ಹಸಿರು ಜ್ವಾಲೆಯ ನರ್ತನ' ಎಂದು ಹಾಕಿಸಿಯೇಬಿಟ್ಟ.

ಆ ಜ್ವಾಲೆಯನ್ನು ಕುಣಿಸಬೇಕಾದವನು ಪಂಜಣ್ಣ. ಹದಿನೆಂಟು ವರ್ಷ ಉರಿಯುವ ಪಂಜು ತಿರುಗಿಸಿ ತಿರುಗಿಸಿ, ಹೆತ್ತವರು ಇಟ್ಟ ಹೆಸರನ್ನು ಅವನೇ ಮರೆತಿದ್ದ. ಬೆಳಿಗ್ಗೆ ಗೋಡೆಯ ಮೇಲಿನ ಪೋಸ್ಟರ್ ನೋಡಿ ನಿಂತಲ್ಲೇ ಬೆವರಿದ. ಅವನ ಲೈಸೆನ್ಸ್ ನವೀಕರಿಸಲು ಅಗ್ನಿಶಾಮಕ ದಳದ ಸಾಹೇಬರು ಅದೇ ಆಟ ನೋಡಲು ಬರುವವರಿದ್ದರು. ಪಂಜಿಗೆ ದೀಪದ ಎಣ್ಣೆ ಬಿಟ್ಟು ಬಣ್ಣದ ರಾಸಾಯನಿಕ ಸೋಕಿದರೂ ಲೈಸೆನ್ಸ್ ಇಲ್ಲ ಎಂಬುದು ಅವರ ನಿಯಮ. ಲೈಸೆನ್ಸ್ ಇಲ್ಲದಿದ್ದರೆ ಕೆಲಸವಿಲ್ಲ. ಪಂಜಣ್ಣನಿಗೆ ಬೇರೆ ಕೆಲಸ ಬರುತ್ತಲೂ ಇರಲಿಲ್ಲ.

"ಹಸಿರು ಬರ್ಲಿಲ್ಲ ಅಂದ್ರೆ ನಾಳೆಯಿಂದ ನೀನೂ ಬರ್ಬೇಡ" ಎಂದು ಯಜಮಾನ ಫೋನಿನಲ್ಲಿ ಹೇಳಿ ಇಟ್ಟುಬಿಟ್ಟ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಸುದ್ದಿ ಪಂಜಣ್ಣನ ವಠಾರದ ಮೆಟ್ಟಿಲು ಹತ್ತಿಳಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಮಹಡಿಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಬಗ್ಗಿ ಕೂಗಿದರು: "ಇದಕ್ಯಾಕಪ್ಪಾ ತಲೆ ಕೆಡಿಸ್ಕೋತೀಯ? ನಮ್ಮನೇಲಿ ಕೇರಂ ಬೋರ್ಡಿಗೆ ಹಾಕೋ ಬೋರಿಕ್ ಪುಡಿ ಇದೆ. ಮೆಥನಾಲ್‌ನಲ್ಲಿ ಕಲಸು. ಗಿಣಿ ಹಸಿರು ಬರುತ್ತೆ!"

"ಅದೆಲ್ಲ ಬೇಡ, ತಾಮ್ರದ ಮೈಲುತುತ್ತ ಹಾಕು" ಎಂದ ಎದುರು ಮನೆಯ ಪೇಂಟರ್.

ಕೆಳಮನೆಯ ಕಾಂಪೌಂಡರ್ ಗಂಭೀರವಾಗಿ, "ಎರಡೂ ವಿಷಾನೇ. ಆದ್ರೆ ಮೊದ್ಲು ಒಂದು ಲೋಟ ಹಾಲು ಕುಡಿದ್ಬಿಡು, ಏನೂ ಆಗಲ್ಲ" ಎಂದರು.

ಪಂಜಣ್ಣ ಕೈಯಾಡಿಸಿ ಬೇಡವೆಂದ. ಅವನಿಗೆ ಈ ವಿದ್ಯೆ ಕಲಿಸಿದ ಸೋದರಮಾವ ಹೀಗೆಯೇ ಬಣ್ಣದ ಆಸೆಗೆ ಬಿದ್ದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬರಿಗೈಯಲ್ಲಿ ಮೆಥನಾಲ್ ಕಲಸಿ, ಅದರ ಹಬೆ ಕುಡಿದು ಕಣ್ಣು ಕಳೆದುಕೊಂಡವರು. ಈಗ ಟೀ ಲೋಟ ಎಲ್ಲಿದೆಯೆಂದು ತಡಕಾಡುತ್ತಾರೆ. ಆ ಕೈ ತಡಕಾಡುವುದನ್ನು ನೋಡಿದಾಗಲೆಲ್ಲ ಪಂಜಣ್ಣನಿಗೆ ಅಳು ಬರುತ್ತಿತ್ತು.

ಬೇಡವೆಂದರೂ ಮೇಷ್ಟ್ರು ಡಬ್ಬಿ ಹಿಡಿದು ಇಳಿದೇಬಂದರು. ಮೆಟ್ಟಿಲ ಮೇಲೆ ಮುಚ್ಚಳ ಕಳಚಿ ಪುಡಿಯೆಲ್ಲ ಚೆಲ್ಲಿತು. ಹಿಂದೆಯೇ ಬರುತ್ತಿದ್ದ ಪೇಂಟರ್ ಕೇರಂ ಕಾಯಿಯಂತೆ ಜಾರಿ, ಕಾಂಪೌಂಡರಿಗೆ ಡಿಕ್ಕಿ ಹೊಡೆದು, ಇಬ್ಬರೂ ಪಂಜಣ್ಣನ ಬಾಗಿಲಿಗೆ ಬಂದು ಬಿದ್ದರು.

"ಎಲ್ಲಾ ಇವನಿಂದ್ಲೇ!" ಎಂದು ಪೇಂಟರ್ ಸೊಂಟ ಹಿಡಿದುಕೊಂಡು ಪಂಜಣ್ಣನತ್ತ ಬೆರಳು ತೋರಿ ಬೈದ.

ಪಂಜಣ್ಣನ ಹೆಂಡತಿ ಬಾಗಿಲು ಹಾಕಿಕೊಂಡಳು. "ಬಿಡ್ರೀ, ಅವನದ್ದು ಇದ್ದದ್ದೇ. ಕಾಮಾಲೆ ಕಣ್ಣಿನವರಿಗೆ ಕಾಣೋದೆಲ್ಲ ಹಳದಿ."

ಪಂಜಣ್ಣ ಎದ್ದು ನಿಂತ. "ಏನಂದೆ? ಇನ್ನೊಂದ್ಸಲ ಹೇಳು!"

ಬೆಂಕಿಗೆ ಯಾಕೆ ಬಣ್ಣ ಹಾಕಬೇಕು? ನೋಡುವವರ ಕಣ್ಣಿಗೆ ಹಾಕಿದರೆ ಸಾಲದೆ? ಹೂಗುಚ್ಛಕ್ಕೆ ಸುತ್ತುವ ಹಸಿರು ಜಿಲೆಟಿನ್ ಕಾಗದ ಬಂತು, ರಟ್ಟು ಬಂತು, ಗೋಂದು ಬಂತು. ಗಂಡ ಹೆಂಡಿರು ಊಟ ಬಿಟ್ಟು ಕೂತು ಇನ್ನೂರು ಕನ್ನಡಕ ಅಂಟಿಸಿದರು. ಪಂಜಿಗೆ ಶುದ್ಧ ದೀಪದ ಎಣ್ಣೆ, ಯಜಮಾನನಿಗೆ ಹಸಿರು, ಸಾಹೇಬರಿಗೆ ನಿಯಮ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು!

"ಯಾರಾದ್ರೂ ಇದ್ಯಾಕೆ ಅಂತ ಕೇಳಿದ್ರೆ?" ಎಂದಳು ಹೆಂಡತಿ.

"ಕಣ್ಣಿನ ರಕ್ಷಣೆಗೆ ಅಂತ ಹೇಳು. ಗುಟ್ಟು ಬಿಟ್ಕೊಡ್ಬೇಡ."

ಹೆಂಡತಿ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕನ್ನಡಕ ಹಂಚಿದಳು. ಆಟ ಅಮೋಘವಾಗಿ ನಡೆಯಿತು. ಮುಸ್ಸಂಜೆಯಲ್ಲಿ ಕುಂಡಗಳ ನಡುವೆ ಪಂಜುಗಳು ಗಿರಗಿರನೆ ತಿರುಗಿದವು. ನರ್ಸರಿಯಲ್ಲಿ ಸುತ್ತಲೂ ಮೊದಲೇ ಹಸಿರು, ಹೀಗಾಗಿ ಯಾರಿಗೂ ಅನುಮಾನ ಬರಲಿಲ್ಲ. "ಅಬ್ಬಬ್ಬಾ, ಪಚ್ಚೆ ಹಸಿರು!" ಎಂದು ಜನ ಚಪ್ಪಾಳೆ ತಟ್ಟಿದರು. ನರ್ಸರಿಯವನು ಯಜಮಾನನನ್ನು ತಬ್ಬಿಕೊಂಡು ಇನ್ನೂ ಹತ್ತು ಆಟ ಬೇಕೆಂದ. ಪಂಜಣ್ಣ ಪಂಜು ಆರಿಸಿ, ಒದ್ದೆ ಗೋಣಿ ಹೊದಿಸಿ, ಎದೆಯುಬ್ಬಿಸಿ ತಿರುಗಿದ.

ಎದುರಿಗೆ ಸಾಹೇಬರು ನಿಂತಿದ್ದರು. ಅವರ ಮೂಗಿನ ಮೇಲೆ ಹಸಿರು ಕನ್ನಡಕವಿತ್ತು.

"ಎಲ್ಲಾ ಕಣ್ಣಾರೆ ನೋಡ್ದೆ. ಕಡು ಹಸಿರು! ಏನು ಹಾಕಿದ್ರಿ? ತಾಮ್ರಾನಾ, ಬೋರಿಕ್ಕಾ?"

"ಅಯ್ಯೋ ಸಾಹೇಬ್ರೇ, ಬರೀ ದೀಪದ ಎಣ್ಣೆ! ಇನ್ನೊಂದು ಪಂಜು ಹಚ್ತೀನಿ, ಆ ಕನ್ನಡಕ ತೆಗೆದು ನೋಡಿ."

"ರಕ್ಷಣೆಯ ಕನ್ನಡಕ ತೆಗೆದು ಬೆಂಕಿ ನೋಡೋದಾ? ನನಗೇ ನಿಯಮ ಮುರಿಯೋಕೆ ಹೇಳ್ತೀರಾ?"

"ಹಾಗಾದ್ರೆ ಎಣ್ಣೆ ಡಬ್ಬಿ ಮೂಸಿ ನೋಡಿ!"

"ವಿಷದ ಹಬೆ ಮೂಸೋದಾ!" ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

ಹೆಂಡತಿ ಓಡಿಬಂದಳು. "ಸಾಹೇಬ್ರೇ, ಅದು ಬರೀ ಜಿಲೆಟಿನ್ ಕಾಗದ. ನಾನೇ ಅಂಟಿಸಿದ್ದು."

"ಗಂಡನ್ನ ಉಳಿಸೋಕೆ ಸುಳ್ಳು ಹೇಳ್ಬೇಡಿ ತಾಯಿ. ಬಾಗಿಲಲ್ಲಿ ನೀವೇ ಅಲ್ವಾ ಕಣ್ಣಿನ ರಕ್ಷಣೆಗೆ ಅಂದದ್ದು? ಪ್ರೇಕ್ಷಕರ ಬಗ್ಗೆ ಇಷ್ಟು ಕಾಳಜಿ ನಾನೆಲ್ಲೂ ಕಂಡಿಲ್ಲ. ನಿಮಗೊಂದು ಪ್ರಶಂಸಾಪತ್ರ ಬರೆಸ್ತೀನಿ."

ಹಾಗೆಂದು ಸಾಹೇಬರು ಪಂಜಣ್ಣನ ಅರ್ಜಿಯ ಮೇಲೆ 'ತಿರಸ್ಕರಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು. ಪಂಜಣ್ಣ ಕೈಮುಗಿದ.

"ಮತ್ತೆ ಪರೀಕ್ಷೆ ಯಾವಾಗ ಸಾಹೇಬ್ರೇ?"

"ಮುಂದಿನ ವರ್ಷ" ಎಂದರು ಅವರು, ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಳ್ಳುತ್ತ. "ಹೆದರ್ಬೇಡಿ, ಇನ್ಮೇಲೆ ಎಲ್ಲಾ ಪರೀಕ್ಷೆಗೂ ನಾನು ಇದನ್ನ ಹಾಕ್ಕೊಂಡೇ ಬರ್ತೀನಿ."